ಅಟ್ಟದ ಅಡಿಕೆಯೂ ಕಾರ್ಡಿನ ಬಾಕಿಯೂ

ಸಾಲದ ವಿಚಾರವಾಗಿ ನಮ್ಮ ತೋಟಗಾರರಲ್ಲಿ ಈಚೆಗೆ ಒಂದು ಹೊಸ ಗೊಂದಲ ಹುಟ್ಟಿಕೊಂಡಿದೆ. ಗೊಂದಲಕ್ಕೆ ಮೂಲ ಒಂದು ಹೆಸರು. ಸಹಕಾರಿ ಬ್ಯಾಂಕಿನವರು ಬೆಳೆಸಾಲಕ್ಕಾಗಿ ಕೊಡುವ ಕಿಸಾನ್ ಕಾರ್ಡೂ ಕ್ರೆಡಿಟ್ ಕಾರ್ಡು. ಪೇಟೆಯ ಬ್ಯಾಂಕಿನವರು ಫೋನಿನಲ್ಲಿ ಕರೆದು ಕರೆದು ಕೊಡುವುದೂ ಕ್ರೆಡಿಟ್ ಕಾರ್ಡು. ಎರಡೂ ಒಂದೇ ಅಳತೆಯ ಪ್ಲಾಸ್ಟಿಕ್ ತುಂಡುಗಳು. ಎರಡರ ಮೇಲೂ ರುಪೇ ಎಂಬ ಗುರುತು ಇರಬಹುದು. ಒಂದೇ ಕಿಸೆಯಲ್ಲಿ ಒಂದರ ಮೇಲೊಂದು ಕುಳಿತಿರುತ್ತವೆ. ಆದರೆ ಒಂದರ ಒಂದು ವರ್ಷದ ಬಡ್ಡಿ ಇನ್ನೊಂದರ ಒಂದೇ ತಿಂಗಳ ಬಡ್ಡಿಗೆ ಸಮನಾಗುತ್ತದೆಂಬುದನ್ನು ಬಲ್ಲವರು ಕಡಿಮೆ. ಮಾತು ದೊಡ್ಡದಾಯಿತೆಂದು ತೋರಿದರೆ ಲೆಕ್ಕವನ್ನೇ ಮುಂದಿಡುತ್ತೇನೆ; ಕಾಗದ ಪೆನ್ಸಿಲು ಹಿಡಿದು ಪರಿಶೀಲಿಸಿ ನೋಡಬೇಕು.

ನಮ್ಮ ಹಳ್ಳಿಗಳಲ್ಲಿ ಕೈಸಾಲದ ಬಡ್ಡಿಯನ್ನು ಹೇಳುವ ಕ್ರಮ ಎಲ್ಲರಿಗೂ ಗೊತ್ತು. ‘ನೂರಕ್ಕೆ ಮೂರು’ ಎಂದರೆ ನೂರು ರೂಪಾಯಿಗೆ ತಿಂಗಳಿಗೆ ಮೂರು ರೂಪಾಯಿ. ಹಾಗೆ ಬಡ್ಡಿ ತೆಗೆದುಕೊಳ್ಳುವವನನ್ನು ಊರಿನವರು ಒಳ್ಳೆಯ ಮಾತಿನಿಂದ ನೆನೆಯುವುದಿಲ್ಲ. ಮನೆಯ ಹೆಂಗಸರು ಅವನ ಹೆಸರು ಬಂದರೆ ಮುಖ ಸಿಂಡರಿಸುತ್ತಾರೆ. ಈಗ ಪೇಟೆಯ ಕಾರ್ಡಿನ ಕರಾರು ಪತ್ರವನ್ನು ತೆಗೆದು ನೋಡಿರಿ. ಬಹಳಷ್ಟು ಕಾರ್ಡುಗಳಲ್ಲಿ ಬಾಕಿ ಉಳಿದ ಹಣಕ್ಕೆ ತಿಂಗಳಿಗೆ ಶೇಕಡಾ 3.5ರ ಆಸುಪಾಸಿನ ಬಡ್ಡಿ ನಮೂದಾಗಿರುತ್ತದೆ. ಅಂದರೆ ನೂರಕ್ಕೆ ಮೂರೂವರೆ, ವರ್ಷಕ್ಕೆ 42. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ನಾವು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಬಡ್ಡಿ ಲೆಕ್ಕವೆಲ್ಲ ‘ವರ್ಷಕ್ಕೆ ನೂರಕ್ಕೆ ಇಷ್ಟು’ ಎಂಬುದರ ಮೇಲೆ ನಿಂತಿದೆ. ಅದನ್ನೇ ಕಲಿತು ಬಂದವನು ಮೂರೂವರೆ ಎಂಬ ಅಂಕಿ ನೋಡಿ, ಕಿಸಾನ್ ಕಾರ್ಡಿನ ನಾಲ್ಕಕ್ಕಿಂತ ಇದು ಕಡಿಮೆಯಾಯಿತಲ್ಲ ಎಂದು ಸಂತೋಷಪಟ್ಟರೆ ಆಶ್ಚರ್ಯವಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಡಿಕೆ ಮರ ಹತ್ತುವ ಆಳುಗಳು ಸಿಗದ ಈ ಕಾಲದಲ್ಲಿ ನೆಲದಲ್ಲೇ ನಿಂತು ಕೊಯ್ಯುವುದಕ್ಕೂ ಮದ್ದು ಹೊಡೆಯುವುದಕ್ಕೂ ಕಾರ್ಬನ್ ಫೈಬರಿನ ದೋಟಿಯನ್ನು ಅನೇಕರು ಕೊಳ್ಳುತ್ತಿದ್ದಾರೆ. ಅಂತಹ ದೋಟಿಯನ್ನು ಒಬ್ಬ ತೋಟಗಾರರು 40,000 ರೂಪಾಯಿಗೆ ಪೇಟೆಯ ಕಾರ್ಡಿನಲ್ಲಿ ಕೊಂಡರೆಂದು ಹಿಡಿಯಿರಿ. ಬಿಲ್ಲು ಬಂತು. ವಾಯಿದೆಯ ದಿನದೊಳಗೆ 40,000ವನ್ನೂ ಕಟ್ಟಿಬಿಟ್ಟರೆ ಬಡ್ಡಿ ಒಂದು ಪೈಸೆಯೂ ಇಲ್ಲ. ಒಂದು ತಿಂಗಳಿಗೂ ಮಿಕ್ಕಿದ ಕಾಲ ಬ್ಯಾಂಕಿನ ಹಣವನ್ನು ಪುಕ್ಕಟೆಯಾಗಿ ಉಪಯೋಗಿಸಿದಂತಾಯಿತು. ಹೀಗೆ ಮಾಡುವವನಿಗೆ ಕಾರ್ಡು ಉಪಕಾರಿ. ಇದನ್ನು ನಾನು ಒಪ್ಪುತ್ತೇನೆ, ಕಾರ್ಡೆಂದರೆ ಪಾಪವೆಂದು ವಾದಿಸುವವನಲ್ಲ.

ಆದರೆ ಬಿಲ್ಲಿನಲ್ಲಿ ಎರಡು ಅಂಕಿಗಳಿರುತ್ತವೆ. ಒಂದು, ಒಟ್ಟು ಕಟ್ಟಬೇಕಾದದ್ದು 40,000. ಇನ್ನೊಂದು, ಕಟ್ಟಬೇಕಾದ ಕನಿಷ್ಠ ಮೊತ್ತ. ಈ ಎರಡನೆಯ ಅಂಕಿ 2,000 ಎಂದಿರಲಿ. ಕನಿಷ್ಠ ಮೊತ್ತವನ್ನು ಕಟ್ಟಿದರೆ ದಂಡವಿಲ್ಲ, ಬ್ಯಾಂಕಿನವರ ಫೋನು ಬರುವುದಿಲ್ಲ, ಲೆಕ್ಕದಲ್ಲಿ ಹೆಸರು ಕೆಡುವುದಿಲ್ಲ. ‘ಅಷ್ಟು ಕಟ್ಟಿದರೆ ಸಾಕಂತೆ’ ಎಂಬ ಮಾತು ಹುಟ್ಟುವುದು ಇಲ್ಲಿ. ಸಾಕೇನೋ ಹೌದು, ಬ್ಯಾಂಕಿಗೆ ಸಾಕು. 40,000ಕ್ಕೆ ಒಂದು ತಿಂಗಳ ಬಡ್ಡಿ 1,400. ಅದರ ಮೇಲೆ ತೆರಿಗೆ 252. ಒಟ್ಟು 1,652 ರೂಪಾಯಿ. ಕಟ್ಟಿದ 2,000ದಲ್ಲಿ ಅಸಲಿಗೆ ಜಮೆಯಾದದ್ದು 348 ಮಾತ್ರ. ಇನ್ನು ಮುಂದೆ ಆ ಕಾರ್ಡಿನಲ್ಲಿ ಏನನ್ನೂ ಕೊಳ್ಳದೆ, ತಿಂಗಳು ತಿಂಗಳು ತಪ್ಪದೆ 2,000 ಕಟ್ಟುತ್ತ ಹೋದರೂ ಸಾಲ ತೀರಲು 44 ತಿಂಗಳು ಬೇಕು. ಅಷ್ಟರಲ್ಲಿ ಕಟ್ಟಿದ ಹಣ 86,000ಕ್ಕಿಂತ ಮೇಲಾಗಿರುತ್ತದೆ. ನಾಲ್ಕು ಕೊಯ್ಲು ಕಳೆದರೂ ಒಂದು ದೋಟಿಯ ಸಾಲ ಮುಗಿಯಲಿಲ್ಲ. ಮುಗಿಯುವ ಹೊತ್ತಿಗೆ ಎರಡು ದೋಟಿಯ ಹಣ ಹೋಯಿತು.

ಇನ್ನೂ ಒಂದು ವಿಚಾರವನ್ನು ಗಮನಿಸತಕ್ಕದ್ದು. ಒಮ್ಮೆ ಬಾಕಿ ಉಳಿಸಿದಿರೋ, ಬಡ್ಡಿಯಿಲ್ಲದ ಅವಧಿ ಎಂಬುದು ಹೋಯಿತು. ಬಾಕಿಗೆ ವಾಯಿದೆಯ ದಿನದಿಂದಲ್ಲ, ಸಾಮಾನು ಕೊಂಡ ದಿನದಿಂದಲೇ ಬಡ್ಡಿ ಎಣಿಸುತ್ತಾರೆ. ತರುವಾಯ ಅದೇ ಕಾರ್ಡಿನಲ್ಲಿ ಒಂದು ಚೀಲ ಹಿಂಡಿ ತಂದರೂ ತಂದ ದಿನದಿಂದ ಬಡ್ಡಿ ಹತ್ತುತ್ತದೆ. ಹಳೆಯ ಬಾಕಿಯನ್ನು ಪೂರಾ ತೀರಿಸುವ ತನಕ ಇದು ಬಿಡುವುದಿಲ್ಲ.

ಈಗ ಅದೇ 40,000ವನ್ನು ಕಿಸಾನ್ ಕಾರ್ಡಿನಿಂದ ತೆಗೆದರೆ ಹೇಗೆ? ಈ ಯೋಜನೆ 1998ರಲ್ಲಿ ಆರಂಭವಾದದ್ದು. 3 ಲಕ್ಷದವರೆಗಿನ ಬೆಳೆಸಾಲಕ್ಕೆ ವರ್ಷಕ್ಕೆ ಶೇಕಡಾ 7 ಬಡ್ಡಿ, ವಾಯಿದೆಯೊಳಗೆ ಪೂರಾ ಕಟ್ಟಿದವನಿಗೆ ಕೇಂದ್ರ ಸರಕಾರದಿಂದ ಶೇಕಡಾ 3 ರಿಯಾಯಿತಿ, ಉಳಿಯುವುದು 4. (ಮಿತಿಯನ್ನು 5 ಲಕ್ಷಕ್ಕೆ ಏರಿಸುವುದಾಗಿ 2025ರ ಕೇಂದ್ರ ಬಜೆಟಿನಲ್ಲಿ ಘೋಷಿಸಿದ್ದಾರೆ, ನಿಮ್ಮ ಶಾಖೆಯಲ್ಲಿ ಎಷ್ಟಕ್ಕೆ ಕೊಡುತ್ತಾರೆಂಬುದನ್ನು ಅಲ್ಲಿಯೇ ಕೇಳಿಕೊಳ್ಳಬೇಕು.) 40,000ಕ್ಕೆ ಶೇಕಡಾ 4ರಂತೆ ಒಂದು ವರ್ಷದ ಬಡ್ಡಿ 1,600 ರೂಪಾಯಿ. ಪೇಟೆಯ ಕಾರ್ಡಿನ ಒಂದು ತಿಂಗಳ ಬಡ್ಡಿ ಮತ್ತು ತೆರಿಗೆ ಸೇರಿ 1,652 ಎಂದು ಮೇಲೆ ಕಂಡೆವಷ್ಟೆ.

ದೋಟಿಗೆಲ್ಲ ಬೆಳೆಸಾಲ ಸಿಗುತ್ತದೆಯೇ ಎಂದು ಕೇಳುವವರಿದ್ದಾರೆ. ಕಿಸಾನ್ ಕಾರ್ಡಿನ ಮಿತಿಯನ್ನು ನಿಗದಿ ಮಾಡುವಾಗ ಬೆಳೆಯ ಖರ್ಚಿನ ಮೇಲೆ ಶೇಕಡಾ 10ನ್ನು ಕೊಯ್ಲಿನ ನಂತರದ ಖರ್ಚು ಹಾಗೂ ಮನೆಖರ್ಚಿಗೆಂದೂ, ಶೇಕಡಾ 20ನ್ನು ಪಂಪು, ಯಂತ್ರ ಮುಂತಾದವುಗಳ ದುರಸ್ತಿ ಮತ್ತು ನಿರ್ವಹಣೆಗೆಂದೂ ಸೇರಿಸಲು 2012ರ ಪರಿಷ್ಕೃತ ಯೋಜನೆಯಲ್ಲೇ ಅವಕಾಶವಿದೆ. ಹೊಸ ಸಲಕರಣೆಗೆ ಅದೇ ಕಾರ್ಡಿನಡಿ ಅವಧಿಸಾಲವೂ ಇದೆ. ಅದರ ಬಡ್ಡಿ ಬೆಳೆಸಾಲಕ್ಕಿಂತ ಹೆಚ್ಚು, ಆದರೂ 42ರ ಹತ್ತಿರ ಸುಳಿಯುವುದಿಲ್ಲ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿಸಾಲಕ್ಕೆ ಜಾಮೀನು ಆಸ್ತಿ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ಆದೇಶವೂ ಇದೆ. ಇಷ್ಟೆಲ್ಲ ಇದ್ದೂ ನಮ್ಮವರು ಪೇಟೆಯ ಕಾರ್ಡಿಗೆ ಕೈ ಹಾಕುವುದೇಕೆ? ಉತ್ತರ ಸುಲಭ. ಸಹಕಾರಿ ಬ್ಯಾಂಕಿಗೆ ಹೋದರೆ ತೆರಿಗೆ ರಸೀದಿ, ಸ್ವಾಧೀನ ಪತ್ರ, ಎರಡು ಸಲ ಹೋಗಿ ಬರುವ ಬಸ್ಸಿನ ಖರ್ಚು. ಅರ್ಜಿ ನಮೂನೆ ಮಲಯಾಳದಲ್ಲಿ. ಪೇಟೆಯ ಕಾರ್ಡೆಂದರೆ ಫೋನನ್ನು ಅಂಗಡಿಯ ಚೌಕದ ಚಿತ್ರಕ್ಕೆ ಹಿಡಿದರಾಯಿತು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದಾದ ಮೇಲೆ ಬದಿಯಡ್ಕದ ಗೊಬ್ಬರದಂಗಡಿಯಲ್ಲೂ ಪೆರ್ಲದ ದಿನಸಿ ಅಂಗಡಿಯಲ್ಲೂ ಸಾಲ ಮಾಡುವುದು ಅಷ್ಟೇ ಸುಲಭ. ಸಾಲ ಮಾಡಿದೆನೆಂಬುದೇ ಗೊತ್ತಾಗುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಮುಖ್ಯ ವಿಷಯ ಬಡ್ಡಿಯ ದರಕ್ಕಿಂತಲೂ ವಾಯಿದೆಯದು. ಪೇಟೆಯ ಕಾರ್ಡು ತಿಂಗಳ ಸಂಬಳದವನಿಗಾಗಿ ಮಾಡಿದ ವಸ್ತು. ಅವನಿಗೆ ತಿಂಗಳಿಗೊಮ್ಮೆ ಹಣ ಬರುತ್ತದೆ, ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ, ಒಂದು ಇನ್ನೊಂದನ್ನು ತೀರಿಸುತ್ತದೆ. ತೋಟಕ್ಕೆ ತಿಂಗಳ ಸಂಬಳವೆಂಬುದುಂಟೇ? ಮೇ ಕೊನೆಗೆ ಮೈಲುತುತ್ತು ಸುಣ್ಣ ಬೇಕು, ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯಬೇಕು, ಒಂದೂವರೆ ತಿಂಗಳು ಕಳೆದು ಇನ್ನೊಮ್ಮೆ. ಗೊಬ್ಬರದ ಖರ್ಚು ಬೇರೆ. ಹಣ ಕೈಗೆ ಬರುವುದು ಮುಂದಿನ ವರ್ಷ, ಕೊಯ್ದ ಅಡಿಕೆ ಅಂಗಳದಲ್ಲಿ ನಲ್ವತ್ತು ದಿನ ಒಣಗಿ, ಸುಲಿದು, ಚಾಲಿಯಾದ ಮೇಲೆ. ಮೇಯಲ್ಲಿ ಹಾಕಿದ ಹಣ ಹಿಂತಿರುಗಲು ಎಂಟು ಹತ್ತು ತಿಂಗಳು ಬೇಕಾದ ಕಸುಬಿಗೆ ಐವತ್ತು ದಿನದೊಳಗೆ ತೀರಿಸಬೇಕಾದ ಸಾಲವನ್ನು ತಂದು ಕಟ್ಟಿದರೆ, ಬಾಕಿ ಉಳಿಯುವುದು ತೋಟಗಾರನ ಸೋಮಾರಿತನದಿಂದಲ್ಲ. ಲೆಕ್ಕದಲ್ಲೇ ಅದು ಉಳಿಯತಕ್ಕದ್ದು. ಆದುದರಿಂದ ಮನೆಯಲ್ಲಿ ಯಾರಿಗಾದರೂ ಮಾಸಿಕ ವರಮಾನವಿದ್ದು, ಹಾಲಿನ ಹಣವೋ ಸಂಬಳವೋ ಪಿಂಚಣಿಯೋ, ಅದಕ್ಕೆ ಒಳಪಟ್ಟಷ್ಟು ಮಾತ್ರ ಪೇಟೆಯ ಕಾರ್ಡಿನಲ್ಲಿ ಖರ್ಚು ಮಾಡಿ ಬಿಲ್ಲನ್ನು ಪೂರಾ ಕಟ್ಟುವುದು. ತೋಟದ ಖರ್ಚು ತೋಟದ ವಾಯಿದೆಯ ಸಾಲದಿಂದಲೇ ಆಗಬೇಕು.

ಅಟ್ಟದ ಅಡಿಕೆಯ ವಿಚಾರಕ್ಕೆ ಬರೋಣ. ನಮ್ಮಲ್ಲಿ ಅಡಿಕೆಯೆಂದರೆ ಬೆಳೆಯೂ ಹೌದು, ಬ್ಯಾಂಕೂ ಹೌದು. ಹೊಸ ಅಡಿಕೆಗಿಂತ ಹಳೆಯದಕ್ಕೆ ಧಾರಣೆ ಹೆಚ್ಚು ಸಿಗುತ್ತದೆಂದು ಇಟ್ಟು ಮಾರುವವರು ಅಜ್ಜನ ಕಾಲದಿಂದ ಇದ್ದಾರೆ. ಅದು ಬುದ್ಧಿವಂತಿಕೆಯೇ. ಆದರೆ ಅಟ್ಟದಲ್ಲಿ ಅಡಿಕೆಯಿಟ್ಟುಕೊಂಡು ಕಾರ್ಡಿನಲ್ಲಿ ಬಾಕಿ ಉಳಿಸುವವನ ಸಂಗತಿ ಬೇರೆ. ಚಾಲಿಗೆ ಕಿಲೋ ಒಂದಕ್ಕೆ 400 ರೂಪಾಯಿ ಧಾರಣೆ ಎಂದು ಲೆಕ್ಕಕ್ಕಾಗಿ ಹಿಡಿಯಿರಿ. ಒಂದು ಕ್ವಿಂಟಾಲಿಗೆ 40,000. ಕಾರ್ಡಿನಲ್ಲೂ 40,000 ಬಾಕಿಯಿದೆ. ಈ ಕ್ವಿಂಟಾಲನ್ನು ಮಾರದೆ ಇಟ್ಟರೆ ತಿಂಗಳಿಗೆ 1,652 ರೂಪಾಯಿ ಬಡ್ಡಿ ತೆತ್ತಂತೆ, ಅಂದರೆ ಕಿಲೋಗೆ 16 ರೂಪಾಯಿ 52 ಪೈಸೆ. ಆರು ತಿಂಗಳು ಇಟ್ಟರೆ 99 ರೂಪಾಯಿ. ಧಾರಣೆ 400ರಿಂದ 499ಕ್ಕೆ ಏರಿದರೆ ಇಟ್ಟದ್ದಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ. 480ಕ್ಕೆ ಏರಿದರೂ ನಷ್ಟ! ತೂಕ ಕಡಿಮೆಯಾದದ್ದು, ಹುಳು ತಿಂದದ್ದು ಈ ಲೆಕ್ಕದಲ್ಲಿ ಸೇರಿಲ್ಲ. ಅದೇ ಸಾಲ ಕಿಸಾನ್ ಕಾರ್ಡಿನಲ್ಲಿ ಶೇಕಡಾ 4ರಂತೆ ಇದ್ದರೆ ಆರು ತಿಂಗಳಿಗೆ ಕಿಲೋಗೆ 8 ರೂಪಾಯಿ ಮಾತ್ರ. ಅಷ್ಟು ಏರುವುದನ್ನು ಕಾಯಬಹುದು, ಕಾಯುವುದರಲ್ಲಿ ಅರ್ಥವಿದೆ. ಕ್ಯಾಂಪ್ಕೊದ ಧಾರಣೆಯನ್ನು ದಿನವೂ ಫೋನಿನಲ್ಲಿ ನೋಡುವವರು ಅದೇ ಫೋನಿನಲ್ಲಿ ಕಾರ್ಡಿನ ಬಾಕಿಯನ್ನೂ ಒಮ್ಮೆ ನೋಡಿದರೆ, ಯಾವ ಅಡಿಕೆಯನ್ನು ಇಡಬೇಕು ಯಾವುದನ್ನು ನಾಳೆಯೇ ಕೊಂಡೊಯ್ದು ಮಾರಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಪಟೋರ, ಕರಿಗೋಟುಗಳನ್ನು ಮೊದಲು ಮಾರಿ ಕಾರ್ಡಿಗೆ ಕಟ್ಟಿ, ಒಳ್ಳೆಯ ಚಾಲಿಯನ್ನು ಉಳಿಸಿಕೊಳ್ಳುವುದೂ ಒಂದು ಉಪಾಯ.

ಕಿಸಾನ್ ಕಾರ್ಡಿನವರೆಲ್ಲ ಕ್ಷೇಮವೆಂದು ನಾನು ಹೇಳಿದಂತೆ ತಿಳಿಯಬಾರದು. ಅಲ್ಲಿಯೂ ಬಾಕಿ ಎಳೆಯುವ ರೋಗ ಉಂಟು. 2 ಲಕ್ಷ ಸಾಲಕ್ಕೆ ವಾಯಿದೆಯೊಳಗೆ ಕಟ್ಟಿದರೆ ವರ್ಷಕ್ಕೆ 8,000 ಬಡ್ಡಿ. ವಾಯಿದೆ ದಾಟಿದರೆ ರಿಯಾಯಿತಿ ತಪ್ಪಿ 14,000. ದಾಟಿದ ಮೇಲಿನ ದಿನಗಳಿಗೆ ಬ್ಯಾಂಕಿನ ಸಾಮಾನ್ಯ ದರ. ಒಂದು ದಿನದ ಮರೆವಿಗೆ 6,000 ರೂಪಾಯಿ. ಇದನ್ನು ತಪ್ಪಿಸಲು ವಾಯಿದೆಯ ಹಿಂದಿನ ದಿನ ಯಾರಿಂದಲೋ 2 ಲಕ್ಷ ಕೈಸಾಲ ತಂದು ಕಟ್ಟುವುದು, ಎರಡು ದಿನ ಬಿಟ್ಟು ಅದೇ ಕಾರ್ಡಿನಿಂದ ಹಿಂತೆಗೆದು ಕೈಸಾಲದವನಿಗೆ ಕೊಡುವುದು, ಇದು ಊರೂರಲ್ಲಿ ನಡೆದ ಸಂಗತಿ. ಬ್ಯಾಂಕಿನವರಿಗೂ ಗೊತ್ತು. ಕೈಸಾಲದವನು ಎರಡು ದಿನಕ್ಕೆ ನೂರಕ್ಕೆ ಒಂದು ತೆಗೆದುಕೊಂಡರೂ 2,000. ಆರು ಸಾವಿರದ ಮುಂದೆ ಅದು ಕಡಿಮೆಯೇ ಆದ್ದರಿಂದ ಇದನ್ನು ಮಾಡುವವನನ್ನು ಲೆಕ್ಕ ಬಾರದವನೆನ್ನಲಾಗದು. ಆದರೆ ಹತ್ತು ವರ್ಷ ಹೀಗೆ ತಿರುಗಿಸಿದವನ ಅಸಲು ಹತ್ತು ವರ್ಷದ ಹಿಂದೆ ಇದ್ದಷ್ಟೇ ಇರುತ್ತದೆ. ಬೆಳೆಸಾಲವೆಂಬ ಹೆಸರಿನ ಆ ಹಣ ಯಾವ ಬೆಳೆಗೂ ಹೋಗುತ್ತಿಲ್ಲ. ಎಂದೋ ಆದ ಮದುವೆಯದೋ ಮನೆಯ ಮಾಡಿನದೋ ಸಾಲವನ್ನು ಅದು ಹೊತ್ತುಕೊಂಡು ತಿರುಗುತ್ತಿದೆ. ಕೊಳೆರೋಗ ಬಂದು ಅರ್ಧ ಫಸಲು ನೆಲಕ್ಕೆ ಬಿದ್ದ ವರ್ಷ ಅಂಥವನಿಗೆ ಹೊಸದಾಗಿ ತೆಗೆಯಲು ಮಿತಿಯೇ ಉಳಿದಿರುವುದಿಲ್ಲ. ಆಗ ಪೇಟೆಯ ಕಾರ್ಡು ಕಿಸೆಯಿಂದ ಹೊರಬರುತ್ತದೆ. ಎರಡು ಕಾರ್ಡಿನ ಕತೆ ಕೂಡುವುದು ಹೀಗೆ. ಆದ ಕಾರಣ ಕೈಸಾಲದ ಹಣದಿಂದಲ್ಲ, ಅಡಿಕೆಯ ಹಣದಿಂದ ಕಿಸಾನ್ ಕಾರ್ಡನ್ನು ತೀರಿಸುವ ಅಭ್ಯಾಸ ಬೇಕು. ಒಂದೇ ಸಲಕ್ಕೆ ಆಗದಿದ್ದರೆ ವರ್ಷಕ್ಕೆ ಇಪ್ಪತ್ತು ಸಾವಿರದಂತೆ ತಿರುಗಿಸುವ ಮೊತ್ತವನ್ನು ಇಳಿಸುತ್ತ ಬರಬೇಕು.

ಮನ್ನಾ ಆದೀತೆಂದು ಕಾಯುವವರಿದ್ದಾರೆ. 2008ರಲ್ಲಿ ಕೇಂದ್ರ ಸರಕಾರ ಸಾಲಮನ್ನಾ ಮಾಡಿದ್ದು ನಿಜ. ಆಗ ವಾಯಿದೆಯೊಳಗೆ ಕಟ್ಟಿದ ಪ್ರಾಮಾಣಿಕನಿಗೆ ಏನೂ ಸಿಗಲಿಲ್ಲವೆಂಬ ಸಿಟ್ಟು ಇಂದಿಗೂ ಇದೆ, ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಕೃಷಿಸಾಲದ ಮಾತು. ಪೇಟೆಯ ಕಾರ್ಡಿನಲ್ಲಿ ಗೊಬ್ಬರ ಕೊಂಡರೂ ಅದು ಕೃಷಿಸಾಲವೆನಿಸುವುದಿಲ್ಲ. ಅದರ ಬಡ್ಡಿಗೆ ಮೇಲ್ಮಿತಿಯೂ ಇಲ್ಲ. ಶೇಕಡಾ 30ಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯದ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪಿತ್ತಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ಯಾರೋ ಬಂದು ಇದನ್ನು ತಡೆದಾರೆಂದು ಕುಳಿತುಕೊಳ್ಳುವ ಹಾಗಿಲ್ಲ.

ಪೇಟೆಯಲ್ಲಿ ಓದುವ ನಮ್ಮ ಮಕ್ಕಳು ಇನ್ನೊಂದು ಮಾತನ್ನು ತಂದು ಹಬ್ಬಿಸಿದ್ದಾರೆ: ಸ್ವಲ್ಪ ಬಾಕಿ ಉಳಿಸಿದರೆ ಸಾಲದ ಅಂಕ, ಅಂದರೆ ಸಿಬಿಲ್ ಸ್ಕೋರು, ಏರುತ್ತದಂತೆ. ಇದು ಶುದ್ಧ ಸುಳ್ಳು. ವಾಯಿದೆಯೊಳಗೆ ಕಟ್ಟುವುದರಿಂದ ಅಂಕ ನಿಲ್ಲುತ್ತದೆ. ಮಿತಿಯ ಬಹುಪಾಲು ಸದಾ ಬಾಕಿಯಿದ್ದರೆ ಇಳಿಯುತ್ತದೆ. ಖರ್ಚಿಗೆ ಅಂಕ ಕೊಟ್ಟು ಉಡುಗೊರೆ ಕೊಡುತ್ತಾರಲ್ಲ ಎಂದರೆ, ನೂರಕ್ಕೆ ಒಂದು ರೂಪಾಯಿಯ ಉಡುಗೊರೆ ಸಿಕ್ಕಿತೆಂದೇ ಇಟ್ಟುಕೊಳ್ಳಿ, ನಾಲ್ಕು ರೂಪಾಯಿ ಬಡ್ಡಿ ತೆರುವವನಿಗೆ ಅದರಿಂದ ಬಂದ ಭಾಗ್ಯವೇನು? ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆಯುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ತೆಗೆದ ದಿನದಿಂದ ಬಡ್ಡಿ, ಮೇಲೆ ಶುಲ್ಕ. ಕಿಸಾನ್ ಕಾರ್ಡಿನಲ್ಲಿ ನಗದು ತೆಗೆದು ರೂಢಿಯಿದ್ದ ಹಿರಿಯರು ಕಾರ್ಡು ಬದಲಾದದ್ದು ತಿಳಿಯದೆ ಇಲ್ಲಿ ಸಿಕ್ಕಿಬೀಳುತ್ತಾರೆ. ಒಂದಕ್ಕೆ ಕೆಂಪು ದಾರವನ್ನಾದರೂ ಕಟ್ಟಿಡಿ.

ಭಾಷೆಯ ಮಾತನ್ನೂ ಹೇಳಬೇಕು. ಕಾರ್ಡಿನ ಕರಾರುಗಳು ಸರಳ ಭಾಷೆಯಲ್ಲಿ, ಆದಷ್ಟು ಮಟ್ಟಿಗೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳುತ್ತದೆ. ಕನಿಷ್ಠ ಮೊತ್ತವನ್ನೇ ಕಟ್ಟುತ್ತ ಹೋದರೆ ಸಾಲ ತಿಂಗಳುಗಟ್ಟಲೆ ವರ್ಷಗಟ್ಟಲೆ ಎಳೆಯುತ್ತದೆಂಬ ಎಚ್ಚರಿಕೆಯೂ ಬಿಲ್ಲಿನಲ್ಲಿ ಅಚ್ಚಾಗಿರಬೇಕು. ಅಚ್ಚಾಗಿರುತ್ತದೆ, ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ. ಕಾಸರಗೋಡಿನ ಸ್ಥಳೀಯ ಭಾಷೆ ಎಂದಾಗ ಬ್ಯಾಂಕಿನವರಿಗೆ ಮಲಯಾಳ ಮಾತ್ರ ನೆನಪಾಗುತ್ತದೆ. ಮಂಜೇಶ್ವರದಿಂದ ಅಡೂರಿನವರೆಗಿನ ಶಾಖೆಗಳಲ್ಲಿ ಕನ್ನಡದ ನಮೂನೆ ಕೇಳುವುದು ನಮ್ಮ ಹಕ್ಕು. ಕೇಳಬೇಕು, ಮತ್ತೆ ಮತ್ತೆ ಕೇಳಬೇಕು. ಆದರೆ ಅದು ಬರುವ ತನಕ ಬಿಲ್ಲು ಕಾಯುವುದಿಲ್ಲ. ಮನೆಯಲ್ಲಿ ಎಂಟನೆಯ ತರಗತಿ ಓದುವ ಹುಡುಗಿಯೊಬ್ಬಳಿದ್ದರೆ ಸಾಕು, ಬಿಲ್ಲನ್ನು ಅವಳ ಕೈಗೆ ಕೊಟ್ಟು ನಾಲ್ಕು ಸಂಗತಿ ಓದಿಸಿ: ಒಟ್ಟು ಎಷ್ಟು, ಕನಿಷ್ಠ ಎಷ್ಟು, ವಾಯಿದೆ ಎಂದು, ಈ ತಿಂಗಳು ಬಡ್ಡಿ ಎಷ್ಟು ಹಾಕಿದ್ದಾರೆ. ಅವಳ ಬಡ್ಡಿ ಲೆಕ್ಕವೂ ಗಟ್ಟಿಯಾಗುತ್ತದೆ.

ಈಗಾಗಲೇ ಬಾಕಿಯಲ್ಲಿರುವವರು ಮೊದಲು ಆ ಕಾರ್ಡಿನಲ್ಲಿ ಕೊಳ್ಳುವುದನ್ನು ನಿಲ್ಲಿಸತಕ್ಕದ್ದು. ಫೋನಿನ ಯುಪಿಐಯಿಂದ ಅದನ್ನು ಬಿಡಿಸಿ ಬಿಡಿ. ಅಟ್ಟದಲ್ಲಿ ಅಡಿಕೆಯಿದ್ದರೆ ಬಾಕಿಯಷ್ಟನ್ನು ಮಾರುವುದು. ಅಡಿಕೆಯಿಲ್ಲವಾದರೆ ಊರಿನ ಸರ್ವೀಸ್ ಸಹಕಾರಿ ಬ್ಯಾಂಕಿನಲ್ಲಿ ಚಿನ್ನವಿಟ್ಟಾದರೂ ಸಾಲ ತೆಗೆದು ಕಾರ್ಡನ್ನು ಪೂರಾ ತೀರಿಸುವುದು. ಚಿನ್ನದ ಸಾಲವೆಂದರೆ ಮರ್ಯಾದೆಗೆ ಕಡಿಮೆಯೆಂದು ಭಾವಿಸುವವರು 42 ಬಡ್ಡಿ ತೆರುವುದರಲ್ಲಿ ಯಾವ ಮರ್ಯಾದೆಯಿದೆಯೆಂದು ಯೋಚಿಸಲಿ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದ ಕಾಲದಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದ್ದು ರೈತರನ್ನು ಬಡ್ಡಿಯ ಬಾಯಿಂದ ಬಿಡಿಸಲಿಕ್ಕೆ. ಆ ದಾರಿ ನಮಗೆ ಹೊಸದಲ್ಲ. ಸಾಲವನ್ನು ಕಂತಾಗಿ ಪರಿವರ್ತಿಸುತ್ತೇವೆಂದು ಕಾರ್ಡಿನವರೇ ಹೇಳುವುದುಂಟು. ಅದರ ಬಡ್ಡಿ 42ಕ್ಕಿಂತ ಕಡಿಮೆಯಿದ್ದರೂ ಶುಲ್ಕ, ತೆರಿಗೆ ಸೇರಿಸಿ ಒಟ್ಟು ಎಷ್ಟಾಗುತ್ತದೆಂದು ಬರೆದು ಕೊಡಲು ಹೇಳಿ, ಸಹಕಾರಿ ಬ್ಯಾಂಕಿನ ದರದೊಡನೆ ಹೋಲಿಸಿ ಆಮೇಲೆ ಒಪ್ಪಿಕೊಳ್ಳಬೇಕು.

ತೀರಿಸಿದ ಮೇಲೆ ಕಾರ್ಡು ಬೇಡವೆನಿಸಿದರೆ ಬರಹದಲ್ಲಿ ತಿಳಿಸಿರಿ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೂ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕೆಂದು ಅದೇ 2022ರ ನಿರ್ದೇಶನದಲ್ಲಿದೆ. ಇಟ್ಟುಕೊಳ್ಳುವವರು ಬಿಲ್ಲಿನ ಪೂರ್ತಿ ಮೊತ್ತ ಉಳಿತಾಯ ಖಾತೆಯಿಂದ ತಾನಾಗಿ ಕಳೆಯುವಂತೆ ಬರೆದು ಕೊಡಬಹುದು. ಆ ನಮೂನೆಯಲ್ಲಿಯೂ ‘ಒಟ್ಟು’ ಮತ್ತು ‘ಕನಿಷ್ಠ’ ಎಂಬ ಎರಡು ಚೌಕಗಳಿರುತ್ತವೆ, ಗುರುತು ಹಾಕುವಾಗ ನೋಡಿ ಹಾಕಿರಿ. ಕಿಸಾನ್ ಕಾರ್ಡಿನ ವಾಯಿದೆ ದಿನಾಂಕವನ್ನು ಪಾಸ್ ಪುಸ್ತಕದಲ್ಲಿ ಬರೆಸಿಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಅದಕ್ಕಿಂತ ಹದಿನೈದು ದಿನ ಮೊದಲಿನ ತಾರೀಕಿಗೆ ಗೆರೆ ಎಳೆದಿಡಿ. ಅಡಿಕೆ ಸುಲಿಸಿ ಮಾರಿ ಹಣ ಕೈಗೆ ಬರಲು ಅಷ್ಟು ದಿನವಾದರೂ ಬೇಕು.